ಸ್ಟೂಲಿನ ಬಡಗಿಗೆ ಒಂದು ನಮೋ ಮರಿಯ

ರಿಯೊ ದಿ ಜನೈರೊ
11 ಅಕ್ಟೋಬರ್ 1971

ದೊಡ್ಡಮ್ಮನಿಗೆ,

ಆಶೀರ್ವಾದ ಮಾಡಿ. ಮಾಡುತ್ತೀರೋ ಇಲ್ಲವೋ ಗೊತ್ತಿಲ್ಲ. ಕೇಳದೆ ಪತ್ರ ಶುರುಮಾಡಲು ಮಾತ್ರ ಕೈ ಬರಲಿಲ್ಲ.

ಊರು ಬಿಟ್ಟ ಮೇಲೆ ಕ್ರಿಸ್ಮಸ್ಸಿಗೊಂದು ಕಾರ್ಡು ಬಿಟ್ಟರೆ ನಾನು ನಿಮಗೆ ಏನೂ ಬರೆದವಳಲ್ಲ. ಈಗ ಇಷ್ಟುದ್ದ ಬರೆಯುತ್ತಿದ್ದಾಳೆಂದರೆ ಏನೋ ಬೇಕಾಗಿದೆ ಅಂತ ಲಕೋಟೆ ಒಡೆಯುವಾಗಲೇ ನೀವು ಅಂದುಕೊಂಡಿರುತ್ತೀರಿ. ಹೌದು, ಬೇಕಾಗಿದೆ. ಕೇಳುವ ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

ನಾನಿಲ್ಲಿ ಒಂದು ಸಂಗೀತ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದೇನೆ. ಮುಚ್ಚಿಹೋದ ಹಳೆಯ ರಂಗಮಂದಿರವೊಂದರ ನೆಲಮಾಳಿಗೆಯಿಂದ ಗೋಣಿಗಟ್ಟಲೆ ಕಾಗದ ಬಂತು. ಗೆದ್ದಲು ತಿಂದು ಉಳಿಸಿದ್ದನ್ನು ಬೇರ್ಪಡಿಸುವುದು ನನ್ನ ಪಾಲಿಗೆ ಬಿತ್ತು. ಅದರಲ್ಲಿ ಯಾರೂ ಹೆಸರು ಕೇಳದ ಒಂದು ಒಪೆರಾ ಸಿಕ್ಕಿತು. ಹೆಸರು 'ಹರಾಜುಕಟ್ಟೆ'. ಬರೆದವನು ಬಿ. ದಾಸ್ ಡೋರೆಸ್, ವರ್ಷ 1867. ಪಿಟೀಲು, ಕೊಳಲು, ಕ್ಲಾರಿನೆಟ್ ನುಡಿಸುವವರ ಹಾಳೆಗಳೆಲ್ಲ ಇವೆ. ಹಾಡುವವರ ಹಾಳೆ ಒಂದೂ ಇಲ್ಲ. ಮದುವೆ ದಿಬ್ಬಣವೆಲ್ಲ ಬಂದು ಮದುಮಗಳೇ ಬಾರದ ಹಾಗೆ.

ಕಳೆದ ಶನಿವಾರ ಗೆಳೆಯರು ನಾಲ್ಕು ಮಂದಿ ಸೇರಿ ಮೂರನೇ ಅಂಕವನ್ನು ಸುಮ್ಮನೆ ನುಡಿಸಿ ನೋಡಿದರು. ನಾನು ಹಾಳೆ ತಿರುವುತ್ತ ಕೂತಿದ್ದೆ. ಕ್ಲಾರಿನೆಟ್ ಒಂದೇ ಶುರುವಾಯಿತು. ಆಗ ನನ್ನ ಎರಡೂ ಕೈ ತಾವಾಗಿ ಮೇಲೆದ್ದವು. ಪಿಟೀಲಿನವನು ನಕ್ಕು, "ಏನ್ರೀ ಇದಾಲಿನ, ಬಟ್ಟೆ ಒಣಗಹಾಕ್ತಿದ್ದೀರಾ?" ಅಂದ.

ಅದು ನಿಮ್ಮ ಹಾಡು, ದೊಡ್ಡಮ್ಮ. ಶುಭ ಶುಕ್ರವಾರದ ಮೆರವಣಿಗೆಯಲ್ಲಿ ನೀವು ಕಪ್ಪು ಮುಸುಕು ಹೊದ್ದು, ಸ್ಟೂಲು ಹತ್ತಿ, ಶಿಲುಬೆಯ ದಾರಿಯಲ್ಲಿ ಸ್ವಾಮಿಯ ಮುಖ ಒರೆಸಿದ ವೆರೋನಿಕಳಾಗಿ, ಆ ಮುಖ ಮೂಡಿದ ಬಟ್ಟೆ ಬಿಚ್ಚುತ್ತ ಹಾಡುವ ಹಾಡು. ಊರ ಬ್ಯಾಂಡಿನ ಒನೋಫ್ರೆ ಮಾಸ್ತರು ಕ್ಲಾರಿನೆಟ್ಟಿನಲ್ಲಿ ನುಡಿಸುವುದು ಒಂದು ಸ್ವರವೂ ಬಿಡದೆ ಇಲ್ಲಿದೆ. ದನಿ ಇರಬೇಕಾದ ಕಡೆ ಖಾಲಿ. ಆ ಖಾಲಿಯಲ್ಲಿ ನಾನು ಮೆಲ್ಲಗೆ ನಿಮ್ಮ ದನಿ ಹಾಕಿ ನೋಡಿದೆ, ಕೂತಿತು. ಆದರೆ ನೀವು ನನಗೆ ಕಲಿಸಿದ್ದು ಅರ್ಧ. ಬಟ್ಟೆ ಸುತ್ತುವಾಗ ತಗ್ಗಿದ ದನಿಯಲ್ಲಿ ಹಾಡುವ ಕೊನೆಯ ಭಾಗ ನನಗೆ ಬರುವುದಿಲ್ಲ. ಬೀದಿಯ ಗದ್ದಲದಲ್ಲಿ ಅದು ಯಾರಿಗೂ ಸರಿಯಾಗಿ ಕೇಳಿಸಿದ್ದೂ ಇಲ್ಲ.

ನಾನು ಧ್ವನಿಮುದ್ರಣದ ಯಂತ್ರ ತೆಗೆದುಕೊಂಡು ಊರಿಗೆ ಬರಲೇ? ಒಂದು ಸಲ ಹಾಡಿದರೆ ಸಾಕು. ಇದನ್ನು ಬರೆದ ಮನುಷ್ಯನಿಗೆ ಒಂದು ಗೋರಿ ಇಲ್ಲ, ಚಿತ್ರ ಇಲ್ಲ, ಪೂರ್ತಿ ಹೆಸರೂ ಇಲ್ಲ. ಅವನ ಹಾಡಿನ ಕೊನೆ ಇರುವುದು ನಿಮ್ಮ ಗಂಟಲಲ್ಲಿ ಮಾತ್ರ.

ನಿಮ್ಮ
ಇದಾಲಿನ

*

ಲಾಪಾ ವೆಲ್ಯಾ
3 ನವೆಂಬರ್ 1971

ಇದಾಲಿನ,

ದೇವರು ನಿನ್ನನ್ನು ಹರಸಲಿ. ಹರಸದಿದ್ದರೆ ನಿನ್ನಮ್ಮ ನನ್ನನ್ನು ಸುಮ್ಮನೆ ಬಿಡುವವಳಲ್ಲ. ನಿನ್ನೆ ಸತ್ತವರ ಹಬ್ಬ. ಅವಳ ಗೋರಿ ತೊಳೆದು ಹೂವಿಟ್ಟು ಬಂದೆ. ಈ ವರ್ಷವೂ ಮಗಳು ಬರಲಿಲ್ಲ ಕಣೇ ಅಂತ ಅವಳಿಗೆ ಹೇಳುವ ಕೆಲಸವೂ ನನ್ನದೇ.

ಹೋದ ಚಳಿಗಾಲ ನಾನು ಹಾಸಿಗೆ ಹಿಡಿದಾಗ ಪಕ್ಕದ ಮನೆಯವಳು ಕೋಳಿಗಂಜಿ ತಂದುಕೊಟ್ಟಳು. ನಿನ್ನಿಂದ ಒಂದು ಸಾಲಿಲ್ಲ. ಈಗ ಯಾವನೋ ನಾಟಕದವನಿಗೆ ದನಿ ಬೇಕಾಯಿತು, ಮಹಾರಾಯ್ತಿಗೆ ದೊಡ್ಡಮ್ಮ ನೆನಪಾದಳು. ಈಸ್ಟರಿಗೆ ಮುಂಚಿನ ತಪಸ್ಸುಕಾಲದ ನಡುವೆ, ಅರ್ಧ ಹಾಡು ಕಲಿತು, "ರಿಯೋದಲ್ಲಿ ಸೀಟು ಸಿಕ್ಕಿದೆ" ಅಂತ ಹೊರಟವಳು ನೀನು. ನಾನು ಅರ್ಧ ಕಲಿಸಿದೆ ಅಂತ ಬರೆದಿದ್ದೀಯ. ನೀನು ಅರ್ಧ ಕಲಿತೆ ಅಂತ ತಿದ್ದಿಕೋ.

ಹಾಡು ಯಂತ್ರಕ್ಕೂ ಇಲ್ಲ, ಕಾಗದಕ್ಕೂ ಇಲ್ಲ. ನನಗಿಂತ ಮೊದಲು ವೆರೋನಿಕ ಆಗಿದ್ದ ತೋಮಾಸಿಯ ಅಜ್ಜಿ ನನಗೆ ಬಾಯಿಂದ ಬಾಯಿಗೆ ಕೊಟ್ಟಳು, ನಾನೂ ಹಾಗೇ ಕೊಡುವವಳು. ಅದು ನಾಟಕದ ಹಾಡು ಅನ್ನುವ ಮಾತನ್ನಂತೂ ಇನ್ನೊಂದು ಸಲ ಬರೆಯಬೇಡ. ಟಪಾಲಿನವನು ಬಾಯಿಬಡುಕ, ಲಕೋಟೆಯ ಹೊರಗಿನಿಂದಲೇ ಒಳಗಿನದು ಓದುವ ಆಸಾಮಿ.

ಯಾಕೆ ಹೆದರಿಕೆ ಅಂದರೆ ಕೇಳು. ನಮಗೀಗ ಹೊಸ ಪಾದ್ರಿ ಬಂದಿದ್ದಾರೆ, ಗಿಲ್ಬೆರ್ತೊ ಅಂತ. ಕಾಲಿಗೆ ಚಪ್ಪಲಿ, ಹೆಗಲಿಗೆ ಗಿಟಾರು. ಹುಡುಗರೆಲ್ಲ ಅವರ ಹಿಂದೆ. ಲ್ಯಾಟಿನ್ ಹಾಡು ಒಂದೊಂದಾಗಿ ಹೊರಗೆ ಹೋಯಿತು. ಮೆರವಣಿಗೆ ಸಂಘದ ಸಭೆಯಲ್ಲಿ ನನ್ನ ಎದುರಿಗೇ ಕೇಳಿದರು, "ಈ ವೆರೋನಿಕ, ಈ ಸ್ಟೂಲು, ಈ ಬಟ್ಟೆ, ಇದೆಲ್ಲ ಯಾಕಮ್ಮಾ ಇನ್ನೂ? ಈ ಹಾಡು ಯಾರು ಮಾಡಿದ್ದು? ಎಲ್ಲಿಂದ ಬಂತು? ಯಾರಾದ್ರೂ ಹೇಳ್ತೀರಾ?" ಒನೋಫ್ರೆ ಎದೆ ಉಬ್ಬಿಸಿ, "ಚಿನ್ನದ ಗಣಿ ಕಾಲದ ಇನಾಸಿಯೊ ಪಾದ್ರಿಗಳು ಮಾಡಿದ್ದು ಸ್ವಾಮಿ. ನಮ್ಮಪ್ಪ ಹೇಳೋರು," ಅಂದ. "ನಿಮ್ಮಪ್ಪ ಹೇಳಿದ್ದು ಸಾಲದು. ತಿಳಿದವರ ಹತ್ರ ಬರೆಸಿ ತನ್ನಿ. ತರದಿದ್ರೆ ಮುಂದಿನ ಶುಭ ಶುಕ್ರವಾರ ವೆರೋನಿಕ ಇಲ್ಲ," ಅಂದುಬಿಟ್ಟರು.

ನಾಟಕದವನ ಹಾಡು ಅಂತ ಅವರ ಕಿವಿಗೆ ಬಿದ್ದರೆ ಮುಗಿಯಿತು, ಹಾವೂ ಸಾಯಿತು ಕೋಲೂ ಮುರಿಯಲಿಲ್ಲ ಅಂತ ಕೈ ತೊಳೆದುಕೊಳ್ಳುತ್ತಾರೆ.

ನೀನು ಓದಿದವಳು. ನಿನ್ನ ಗ್ರಂಥಾಲಯದ ಮೊಹರಿರುವ ಕಾಗದದಲ್ಲಿ ಬರೆದು ಕಳಿಸು: ಈ ಹಾಡು ಇನಾಸಿಯೊ ಪಾದ್ರಿಗಳದ್ದು ಅಂತ. ಕಳಿಸಿದರೆ ನಾನು ನಿನಗೆ ಕೊನೆಯವರೆಗೂ ಹಾಡುತ್ತೇನೆ, ಯಂತ್ರಕ್ಕೆ ಬೇಕಾದರೂ ಹಾಡುತ್ತೇನೆ. ತೋಮಾಸಿಯ ಅಜ್ಜಿ ನನ್ನನ್ನು ಕ್ಷಮಿಸಲಿ. ಇದು ನನ್ನ ಕಡೆಯ ಮಾತು.

ಅಂಜೂರದ ಪಾಕ ಮಾಡಿದ್ದೆ. ನಿನಗೆ ಕಳಿಸೋಣ ಅಂದುಕೊಂಡು ಆಮೇಲೆ ಕಳಿಸಲಿಲ್ಲ.

ನಿನ್ನ ದೊಡ್ಡಮ್ಮ
ಜೆನೊವೇವ

*

ರಿಯೊ ದಿ ಜನೈರೊ
1 ಡಿಸೆಂಬರ್ 1971

ದೊಡ್ಡಮ್ಮನಿಗೆ,

ಆಶೀರ್ವಾದ ಮಾಡಿ.

ನಿಮ್ಮ ಪತ್ರ ಬಂದಂದಿನಿಂದ ನನಗೆ ಊಟ ರುಚಿಸಿಲ್ಲ. ನನಗೆ ಬೇಕಾದ್ದನ್ನು ಕೊಡುತ್ತೇನೆ ಅಂದಿದ್ದೀರಿ. ಅದಕ್ಕೆ ನೀವು ಕೇಳಿದ ಬೆಲೆ ಮಾತ್ರ ನನ್ನಿಂದ ಆಗುವುದಿಲ್ಲ. ಯಾಕೆಂದು ಹೇಳದೆ 'ಆಗುವುದಿಲ್ಲ' ಎಂದರೆ ಸೊಕ್ಕು ಅಂತೀರಿ. ಅದಕ್ಕೆ ಹೇಳುತ್ತೇನೆ.

ಆ ಕಾಲದ ಪತ್ರಿಕೆಗಳನ್ನು ತಿರುವಿ ಹಾಕಿದೆ. ಈ ದಾಸ್ ಡೋರೆಸ್ ಬೇರೆ ಯಾವ ಊರಿನವನೂ ಅಲ್ಲ, ನಮ್ಮ ಲಾಪಾ ವೆಲ್ಯಾದವನು. ಅಗಸಗಿತ್ತಿಯ ಮಗ. ಅವಳು ಗುಲಾಮಳಾಗಿದ್ದು ಬಿಡುಗಡೆ ಪಡೆದವಳು. ಯಾರೋ ಕಲಿಸಿ, ಯಾರೋ ಬಸ್ಸಿಲ್ಲದ ಆ ಕಾಲದಲ್ಲಿ ಹೇಸರಗತ್ತೆಯ ಮೇಲೆ ರಿಯೋಗೆ ಕಳಿಸಿದ್ದಾರೆ. ಇಲ್ಲಿ ಅವನು ಪಿಟೀಲು ನುಡಿಸುತ್ತ ಈ ಒಪೆರಾ ಬರೆದ. ಅದರಲ್ಲಿ ಒಬ್ಬ ಗುಲಾಮ ಹೆಂಗಸಿನ ಮಗನನ್ನು ಸಂತೆಯಲ್ಲಿ ಹರಾಜು ಹಾಕುತ್ತಾರೆ. ತಾಯಿ ದಾರಿಗೆ ಅಡ್ಡ ನಿಂತು, ಹೋಗುವವರನ್ನೆಲ್ಲ ತಡೆದು, ನನ್ನ ನೋವಿನಂಥ ನೋವು ಎಲ್ಲಾದರೂ ಇದೆಯೇ, ನಿಂತು ನೋಡಿ ಅಂತ ಕೇಳುತ್ತಾಳೆ. ನೀವು ಲ್ಯಾಟಿನ್ನಿನಲ್ಲಿ ಹಾಡುವುದೂ ಅದನ್ನೇ ಅಲ್ಲವೇ?

ಮುಂದಿನ ಸಾಲಿನಲ್ಲಿ ಕೂತು ನೋಡಿದವರು ಯಾರು? ಹರಾಜಿನಲ್ಲಿ ಕೊಳ್ಳುವವರೇ. ಮೊದಲ ರಾತ್ರಿಯೇ ಅರ್ಧ ಮಂದಿ ಎದ್ದು ಹೋದರಂತೆ. ಮೂರನೆಯ ಆಟಕ್ಕೆ ಬಾಗಿಲು ತೆರೆಯಲಿಲ್ಲ. ಒಂದು ಪತ್ರಿಕೆ ಬರೆದಿದೆ: 'ಅಗಸಗಿತ್ತಿಯ ಮಗ ತನ್ನ ಮನೆಯ ಕೊಳೆಬಟ್ಟೆಯನ್ನು ನಮ್ಮ ರಂಗದ ಮೇಲೆ ಒಗೆದು ಹೋದ.' ಅದಾದ ಮೇಲೆ ಅವನ ಸುದ್ದಿಯೇ ಇಲ್ಲ. ಎಲ್ಲಿ ಸತ್ತ, ಹೇಗೆ ಸತ್ತ, ಯಾರಿಗೂ ಬೇಡವಾಯಿತು.

ಇನಾಸಿಯೊ ಪಾದ್ರಿಗಳ ಹೆಸರಲ್ಲಿ ಊರಲ್ಲಿ ಬೀದಿ ಇದೆ, ಶಾಲೆ ಇದೆ, ಇಗರ್ಜಿಯಲ್ಲಿ ಚಿತ್ರ ಇದೆ. ಇವನಿಗೆ ಈ ಹಾಡೊಂದಿದೆ. ಅದನ್ನೂ ಕಿತ್ತು ಅವರಿಗೆ ಕೊಡು ಅಂತೀರಾ? ನಾನು ಸಹಿ ಹಾಕಿದರೆ ಅವನನ್ನು ಎರಡನೇ ಸಲ ಹೂಳಿದ ಹಾಗೆ, ಅದೂ ಅವನ ಊರಿನವಳ ಕೈಯಿಂದಲೇ.

ಬೇರೆ ಏನು ಬೇಕಾದರೂ ಕೇಳಿ. ನಾನೇ ಬಂದು ಪಾದ್ರಿಗಳ ಹತ್ತಿರ ಮಾತಾಡಲೇ?

ನಿಮ್ಮ
ಇದಾಲಿನ

*

ಲಾಪಾ ವೆಲ್ಯಾ
10 ಜನವರಿ 1972

ಇದಾಲಿನ,

ನಿನ್ನ ಸತ್ಯಕ್ಕೆ ದೊಡ್ಡ ನಮಸ್ಕಾರ. ನೀನು ಬರುವುದೂ ಬೇಡ, ಮಾತಾಡುವುದೂ ಬೇಡ. ನನ್ನ ಹೊಸ್ತಿಲು ತುಳಿಯಬೇಡ. ನಿನ್ನ ಸತ್ತವನನ್ನು ನೀನೇ ಇಟ್ಟುಕೋ.

ಸತ್ತವನ ಹೊಟ್ಟೆ ಉರಿಯುತ್ತದೆ ಅಂತ ನಿನಗೆ ಚಿಂತೆ. ಬದುಕಿರುವವಳ ಸುದ್ದಿ ಹೇಳುತ್ತೇನೆ, ಕೇಳಿಸಿಕೋ. ಕೆಮ್ಮು ನಿಲ್ಲಲಿಲ್ಲ ಅಂತ ಡಾಕ್ಟರ ಹತ್ತಿರ ಹೋದೆ. ಗಂಟಲಲ್ಲಿ ಗಂಟಿದೆಯಂತೆ. ಕೊಯ್ದು ತೆಗೆಯಬೇಕಂತೆ. "ತೆಗೆದ ಮೇಲೆ ದನಿ?" ಅಂದೆ. "ದನಿ ಮಾತು ಈಗ್ಯಾಕಮ್ಮ, ಜೀವದ ಮಾತಾಡಿ," ಅಂದರು. ಈಸ್ಟರ್ ಮುಗಿಯಲಿ, ಆಮೇಲೆ ಕೊಯ್ಯಿರಿ ಅಂತ ಹೇಳಿ ಬಂದಿದ್ದೇನೆ. ಈ ವರ್ಷ ಹಾಡಿದರೆ ಹಾಡಿದೆ. ಮುಂದಿನ ವರ್ಷ ಅನ್ನುವುದು ನನಗಿಲ್ಲ.

ಯಾರಿಗಾದರೂ ಕೊಟ್ಟುಹೋಗೋಣ ಅಂತ ಔಷಧಿ ಅಂಗಡಿಯವನ ಮಗಳು ಜುಲ್ಮೀರಳನ್ನು ಕರೆದು ಕಲಿಸತೊಡಗಿದೆ. ನಿನಗೆ ಹೇಳಿಕೊಡದ ಕೊನೆಯ ಪಾಠವನ್ನೂ ಅವಳಿಗೆ ಮೊದಲೇ ಹೇಳಿಕೊಟ್ಟೆ. ಕಾಯುವಷ್ಟು ಕಾಲ ನನಗೆಲ್ಲಿದೆ? ಒಂದು ಕಾಲು ಸ್ಟೂಲಿನ ಮೇಲಿಟ್ಟು ಇನ್ನೊಂದು ನೆಲದಲ್ಲಿರುವಾಗಲೇ, ತುಟಿಯಲ್ಲಿ, ಬೆಲ್ಮೀರೊ ಆತ್ಮಕ್ಕೆ ಒಂದು ನಮೋ ಮರಿಯ ಪ್ರಾರ್ಥನೆ ಹೇಳಬೇಕು, ಆಮೇಲೆ ಹತ್ತಬೇಕು. ವೆರೋನಿಕ ಆಗುವವಳಿಗೆ ಮಾತ್ರ ಹೇಳುವ ಮಾತು ಅದು. ಬೆಲ್ಮೀರೊ ಅಂದರೆ ಆ ಸ್ಟೂಲು ಮಾಡಿದ ಬಡಗಿ. ಜುಲ್ಮೀರ ಕಿಸಕ್ಕನೆ ನಕ್ಕು, "ಬಡಗಿಗೆ ನಮೋ ಮರಿಯಾನಾ? ಬಟ್ಟೆ ನೇಯ್ದೋನಿಗೆ ಏನೂ ಇಲ್ವಾ ಅಜ್ಜಿ?" ಅಂದಳು. ಆ ಸ್ಟೂಲಿನ ಮೂರು ಕಾಲು ನಮ್ಮ ಯಜಮಾನರು ಬದಲಾಯಿಸಿದ್ದು, ಅವರಿಗೇ ಒಂದು ನಮೋ ಮರಿಯ ಸಿಕ್ಕಿಲ್ಲ, ನೀನು ಸುಮ್ಮನಿರು ಅಂದೆ. ಎರಡು ವಾರಕ್ಕೆ ಅವಳೂ ಗಿಟಾರಿನ ಗುಂಪಿಗೆ ಹೋದಳು.

ಹೊಳೆದಂಡೆಯ ಅಗಸರ ಫೆಲಿಸ್ಮೀನ ತೋಮಾಸಿಯ ಅಜ್ಜಿಗೆ ಕೊಟ್ಟಳು, ತೋಮಾಸಿಯ ಅಜ್ಜಿ ನನಗೆ ಕೊಟ್ಟಳು, ನಾನು ಮಣ್ಣಿಗೆ ಕೊಡುತ್ತೇನೆ. ನಿನ್ನ ಸತ್ಯವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೋ.

ಇನ್ನು ಬರೆಯಬೇಡ.

ಜೆನೊವೇವ

*

ರಿಯೊ ದಿ ಜನೈರೊ
18 ಫೆಬ್ರವರಿ 1972

ದೊಡ್ಡಮ್ಮನಿಗೆ,

ಆಶೀರ್ವಾದ ಮಾಡಿ. ಹೋದ ಪತ್ರದಲ್ಲಿ ನೀವು ಹರಸಿ ಬರೆದಿರಲಿಲ್ಲ. ಹಾಳೆ ಹಿಂದೆ ಮುಂದೆ ತಿರುಗಿಸಿ ಹುಡುಕಿದೆ.

ನಿಮ್ಮ ಗಂಟಲ ಸುದ್ದಿ ಓದಿದ ಮೇಲೆ ನನ್ನ ಸತ್ಯ ನನಗೇ ಬೇಡವಾಯಿತು. ಇದರ ಜೊತೆಗಿರುವುದು ನೀವು ಕೇಳಿದ ಕಾಗದ. ಮೊಹರಿದೆ, ಸಹಿ ಇದೆ, ಇನಾಸಿಯೊ ಪಾದ್ರಿಗಳ ಹೆಸರಿದೆ. ಒಂದೇ ಸಲಕ್ಕೆ, ಎಲ್ಲೂ ತಿದ್ದದೆ ಬರೆದೆ ಅನ್ನುವುದೇ ನನಗೆ ನಾಚಿಕೆ. ಮೊಹರನ್ನು ಸುಳ್ಳಿಗೆ ಬಳಸಿದ್ದು ಇಲ್ಲಿ ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ. ಅದನ್ನು ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ, ಎಚ್ಚರವಿರಲಿ ಅಂತ.

ಇದಕ್ಕೆ ಬದಲಾಗಿ ನನಗೆ ಹಾಡುವುದು ಬೇಡ. ಯಂತ್ರವೂ ಬೇಡ. ಶುಭ ಶುಕ್ರವಾರ ನೀವು ಸ್ಟೂಲು ಹತ್ತಿ ಹಾಡಿ. ಈಸ್ಟರ್ ಆದ ಮೇಲೆ ಆಸ್ಪತ್ರೆಗೆ ಹೋಗಿ. ಹೊಸ್ತಿಲು ತುಳಿಯಬೇಡ ಅಂದಿದ್ದೀರಿ, ತುಳಿಯುವುದಿಲ್ಲ. ಆಸ್ಪತ್ರೆಗೆ ನಿಮ್ಮದೇನು ಹೊಸ್ತಿಲಿಲ್ಲವಲ್ಲ, ಅಲ್ಲಿಗೆ ಬರುತ್ತೇನೆ.

ಇದಾಲಿನ

*

ರಿಯೊ ದಿ ಜನೈರೊ
20 ಮಾರ್ಚ್ 1972

ದೊಡ್ಡಮ್ಮ,

ಆ ಕಾಗದವನ್ನು ಇನ್ನೂ ಕೊಟ್ಟಿಲ್ಲವಾದರೆ ಕೊಡಬೇಡಿ. ಕೊಟ್ಟಿದ್ದರೆ ಏನು ಮಾಡಬೇಕೆಂದು ನನಗೆ ತೋಚುತ್ತಿಲ್ಲ. ಓದಿ, ನೀವೇ ಹೇಳಿ.

'ಹರಾಜುಕಟ್ಟೆ'ಯ ಹಾಳೆಗಳಿಗೆ ಹೊಸ ರಟ್ಟು ಹಾಕಲು ಕೊಟ್ಟಿದ್ದೆವು. ರಟ್ಟು ಕಟ್ಟುವವನು ಹಳೆಯದನ್ನು ನೀರಲ್ಲಿ ನೆನೆಸಿ ಬಿಚ್ಚಿದಾಗ ಒಳಗೆ ಬಿಗಿಗೆಂದು ಅಂಟಿಸಿದ್ದ ಒಂದು ಜಾಹೀರಾತು ಎದ್ದು ಬಂತು. ಆ ಒಪೆರಾದ ಮೊದಲ ಆಟದ್ದೇ. ಬೇರೆಲ್ಲ ಕಡೆ ಬರೀ 'ಬಿ.' ಅಂತಿತ್ತು. ಇದರಲ್ಲಿ ಪೂರ್ತಿ ಹೆಸರಿದೆ.

ಬೆಲ್ಮೀರೊ ದಾಸ್ ಡೋರೆಸ್.

ಆ ಒದ್ದೆ ಕಾಗದವನ್ನು ಒಣಗಲು ಹರಡಿಟ್ಟೆ. ಆಮೇಲೆ ಕೋಣೆಗೆ ಹೋಗಿ ನಿಮ್ಮ ಜನವರಿಯ ಪತ್ರ ತೆಗೆದೆ, ಬೈಗುಳಗಳನ್ನೆಲ್ಲ ದಾಟಿ ಆ ಒಂದು ಸಾಲಿಗೆ ಬಂದೆ.

ದೊಡ್ಡಮ್ಮ, ಅವನು ಬಡಗಿ ಅಂತ ನಿಮಗೆ ಹೇಳಿದವರು ಯಾರು?

ನನ್ನ ಕೆಲಸದ ಚಿಂತೆ ಮಾಡಬೇಡಿ. ನಿಮಗೆ ಸರಿ ಕಂಡದ್ದು ಮಾಡಿ.

ಇದಾಲಿನ

*

ಲಾಪಾ ವೆಲ್ಯಾ
2 ಏಪ್ರಿಲ್ 1972, ಈಸ್ಟರ್ ಭಾನುವಾರ

ಮಗಳೇ,

ದೇವರು ನಿನ್ನನ್ನು ಹರಸಲಿ. ಬಾಕಿ ಉಳಿದದ್ದನ್ನೂ ಸೇರಿಸಿ ಹರಸಲಿ.

ನಿನ್ನ ಪತ್ರ ಪವಿತ್ರ ವಾರದ ಬುಧವಾರ ಬಂತು. ಅಷ್ಟರಲ್ಲಿ ಕೆಲಸ ಕೆಟ್ಟಿತ್ತು. ಮೊಹರಿನ ಕಾಗದವನ್ನು ತಪಸ್ಸುಕಾಲದ ಮೊದಲ ವಾರವೇ ಪಾದ್ರಿಗಳಿಗೆ ಕೊಟ್ಟುಬಿಟ್ಟಿದ್ದೆ. ಅವರು ಎರಡು ಸಲ ಓದಿ, ನನ್ನ ಮುಖ ನೋಡಿ, "ಸರಿಯಮ್ಮ, ಮಾತು ಅಂದ್ರೆ ಮಾತು. ವೆರೋನಿಕ ಇರ್ಲಿ," ಅಂದರು. ಭಾನುವಾರ ಪೂಜೆಯಲ್ಲೂ ಹೇಳಿದರು. ಒನೋಫ್ರೆಯಂತೂ ತನ್ನ ಅಪ್ಪನೇ ಆ ಹಾಡು ಕಟ್ಟಿದ್ದು ಅನ್ನುವ ಹಾಗೆ ಮೀಸೆ ತಿರುವಿಕೊಂಡು ಓಡಾಡಿದ.

ನಿನ್ನ ಪತ್ರ ಒಲೆಯ ಮುಂದೆ ನಿಂತು ಓದಿದೆ. ಜೋಳದ ಹಿಟ್ಟಿನ ಮುದ್ದೆ ತಿರುವುತ್ತಿದ್ದೆ. ಅದು ತಳ ಹಿಡಿದು ಹೊಗೆ ಎದ್ದು ಪಕ್ಕದ ಮನೆಯವಳು ಓಡಿ ಬಂದಳು. ನನಗೆ ಗೊತ್ತೇ ಆಗಲಿಲ್ಲ.

ಬಡಗಿ ಅಂತ ಹೇಳಿದವರು ಯಾರು ಅಂತ ಕೇಳಿದ್ದೀಯ. ತೋಮಾಸಿಯ ಅಜ್ಜಿ. ಹೇಳಿದಳು ಅಂದರೆ ಹೇಗೆ ಹೇಳಿದಳು? ನನ್ನ ಮೊದಲ ಶುಭ ಶುಕ್ರವಾರ, ನನ್ನ ಕಾಲು ಸ್ಟೂಲಿನ ಮೇಲಿತ್ತು. ಬೆಲ್ಮೀರೊಗೆ ಒಂದು ನಮೋ ಮರಿಯ ಹೇಳಿ ಹತ್ತು ಅಂದಳು. "ಅವ್ನು ಯಾರಜ್ಜಿ?" ಅಂದೆ. "ನಂಗೇನ್ ಗೊತ್ತು? ಫೆಲಿಸ್ಮೀನ ಹೇಳ್ಕೊಟ್ಳು, ನಾನು ಹೇಳ್ದೆ. ಸ್ಟೂಲು ಮಾಡಿದೋನಿರ್ಬೇಕು, ಮತ್ತ್ಯಾಕೆ ಸ್ಟೂಲು ಹತ್ತುವಾಗ ಹೇಳೋದು?" ಅಂದಳು. ನನಗೂ ಸರಿ ಅನ್ನಿಸಿತು. ಅಂದಿನಿಂದ ಪ್ರತಿವರ್ಷ ಒಬ್ಬ ಇಲ್ಲದ ಬಡಗಿಗೆ ಪ್ರಾರ್ಥನೆ ಹೇಳಿದ್ದೇನೆ. ನಿನ್ನ ದೊಡ್ಡಪ್ಪ ಸ್ಟೂಲಿಗೆ ಕಾಲು ಹಾಕುವಾಗ, "ನಿನ್ನ ಬೆಲ್ಮೀರೊ ಕೆಲಸ ಚೆನ್ನಾಗಿ ಕಲ್ತಿರ್ಲಿಲ್ಲ ಕಣೆ," ಅಂತ ಹಾಸ್ಯ ಮಾಡುತ್ತಿದ್ದರು.

ಬುಧವಾರ ಇಡೀ ದಿನ ನನ್ನ ತಲೆಯಲ್ಲಿ ಒಂದೇ. ಫೆಲಿಸ್ಮೀನ ಅಗಸಗಿತ್ತಿ. ನಿನ್ನ ಪತ್ರಿಕೆಯವನು ಅಗಸಗಿತ್ತಿಯ ಮಗ ಅಂದಿದ್ದಾನೆ. ಸ್ಟೂಲು ಮಾಡಿದವನಿಗೆ ಯಾರಾದರೂ ವರ್ಷ ವರ್ಷ ನಮೋ ಮರಿಯ ಹೇಳುತ್ತಾರೇನೇ? ಹಾಗೆ ಹೇಳಿಸುವವಳು ತಾಯಿ ಒಬ್ಬಳೇ. ಮಗನ ಹಾಡನ್ನು ದೊಡ್ಡವರು ಎದ್ದು ಹೋಗಿ ಮುಚ್ಚಿಸಿದರು. ಅವನು ಊರಿಗೆ ಬಂದು ಸತ್ತನೋ, ಬಂದು ತಾಯಿಗೆ ಕಲಿಸಿ ಹೋದನೋ, ನನಗೆ ಗೊತ್ತಿಲ್ಲ. ಅವಳು ಅದನ್ನು ಲ್ಯಾಟಿನ್ ಮಾತಿನೊಳಗೆ ಸುತ್ತಿ, ಯಾರೂ ಎದ್ದು ಹೋಗಲಾರದ ಜಾಗಕ್ಕೆ, ಸತ್ತ ಸ್ವಾಮಿಯ ಮುಂದೆ ತಂದು ಹಾಡಿದಳು. ಹೆಸರನ್ನು ಗಟ್ಟಿಯಾಗಿ ಹೇಳಲು ಧೈರ್ಯ ಬರಲಿಲ್ಲ, ತುಟಿಯಲ್ಲಿ ಹೇಳಿದಳು. ನಮಗೂ ತುಟಿಯಲ್ಲೇ ಹೇಳಲು ಕಲಿಸಿದಳು. ನಾನು ಆ ಹೆಸರು ಹೇಳಿಕೊಂಡೇ ಅವನನ್ನು ಇನಾಸಿಯೊ ಪಾದ್ರಿಗಳ ಹೆಸರಿಗೆ ಮಾರಿದೆ. ಅತ್ತುಬಿಟ್ಟೆ ಕಣೇ. ಅಳು ನನಗೆ ಸುಲಭಕ್ಕೆ ಬರುವುದಿಲ್ಲ, ನಿನಗೆ ಗೊತ್ತು.

ಪಾದ್ರಿಗಳ ಹತ್ತಿರ ಹೋಗಿ ಹೇಳಿಬಿಡಲೇ ಅಂತ ಗುರುವಾರ ಬಾಗಿಲವರೆಗೆ ಹೋದೆ. ಹೇಳಿದರೆ ನಾಳೆ ಸ್ಟೂಲಿಲ್ಲ. ನಿನ್ನ ಕೆಲಸವೂ ಹೋಗುತ್ತದೆ. ಹೇಳದಿದ್ದರೆ ನನ್ನ ಕೊನೆಯ ಹಾಡು ಸುಳ್ಳಿನ ಮೇಲೆ ನಿಲ್ಲುತ್ತದೆ. ವಾಪಸು ಬಂದೆ.

ಶುಕ್ರವಾರ ಸಂಜೆ ಮೆರವಣಿಗೆ ಹೊರಟಿತು. ಗಂಟೆ ಇಲ್ಲ, ಮರದ ಗಿಲಕಿಯ ಕಟಕಟ ಮಾತ್ರ. ಬೀದಿಯ ತುಂಬ ಬಣ್ಣದ ಮರದಪುಡಿ ಹಾಸಿದ್ದರು. ಮೊದಲ ನಿಲುಗಡೆ ದೊಡ್ಡ ಚೌಕದಲ್ಲಿ, ಸಂಘದ ಹಿರಿಯರ ಮನೆಗಳ ಮುಂದೆ. ಸ್ಟೂಲು ಇಟ್ಟರು. ಒಂದು ಕಾಲು ಮೇಲಿಟ್ಟೆ. ಒನೋಫ್ರೆ ಕ್ಲಾರಿನೆಟ್ಟನ್ನು ತುಟಿಗೆ ಇಟ್ಟಿದ್ದ.

ನಾನು ಮುಸುಕು ಹಿಂದಕ್ಕೆ ಸರಿಸಿದೆ. ಗಟ್ಟಿಯಾಗಿ ಹೇಳಿದೆ: "ಬೆಲ್ಮೀರೊ ದಾಸ್ ಡೋರೆಸ್ ಆತ್ಮಕ್ಕೆ ಒಂದು ನಮೋ ಮರಿಯ. ಈ ಊರಿನ ಅಗಸಗಿತ್ತಿ ಫೆಲಿಸ್ಮೀನಳ ಮಗ. ಈ ಹಾಡು ಅವನದು. ಸಂತೆಯಲ್ಲಿ ಮಗನನ್ನು ಮಾರುವಾಗ ತಾಯಿ ಹಾಡುವ ಹಾಡು."

ಸಂಘದ ಮುಖ್ಯಸ್ಥ ಪಕ್ಕದವನ ಕಡೆ ತಿರುಗಿದ್ದು ಕಂಡಿತು. ಗಿಲಕಿಯವನು ಕೈ ನಿಲ್ಲಿಸಿದ. ಪಾದ್ರಿಗಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಆದರೆ ನಮ್ಮ ಊರು ನಿನಗೆ ಗೊತ್ತಲ್ಲ. ವೈರಿಯ ಹೆಸರಾದರೂ ಸರಿ, ಸತ್ತವರ ಆತ್ಮಕ್ಕೆ ನಮೋ ಮರಿಯ ಅಂತ ಯಾರಾದರೂ ಕೇಳಿದರೆ ಇಲ್ಲ ಅನ್ನುವ ಬಾಯಿ ಇಲ್ಲಿ ಹುಟ್ಟಿಲ್ಲ. ಹಿಂದಿನಿಂದ ಮೀನು ಮಾರುವ ಮುದುಕಿಯೊಬ್ಬಳು ಶುರುಮಾಡಿದಳು. ಆಮೇಲೆ ಎಲ್ಲ. ಸಂಘದವರೂ ಟೋಪಿ ಕೈಯಲ್ಲಿ ಹಿಡಿದು ಹೇಳಬೇಕಾಯಿತು. ಇಡೀ ಚೌಕ ಬೆಲ್ಮೀರೊಗೆ ನಮೋ ಮರಿಯ ಹೇಳಿತು ಕಣೇ. ಇಷ್ಟು ಕಾಲ ವರ್ಷಕ್ಕೊಮ್ಮೆ ಒಬ್ಬಳೇ ಹೆಂಗಸು ತುಟಿಯಲ್ಲಿ ಹೇಳುತ್ತಿದ್ದದ್ದು.

ಹತ್ತಿದೆ. ಕ್ಲಾರಿನೆಟ್ ಬರಲಿಲ್ಲ. ಒನೋಫ್ರೆ ಕಲ್ಲಾಗಿ ನಿಂತಿದ್ದ. ಕಾಯಲಿಲ್ಲ, ಒಬ್ಬಳೇ ಎತ್ತಿಕೊಂಡೆ. ಬಟ್ಟೆ ಬಿಚ್ಚಿದೆ. ಮೇಲಿನ ಸ್ವರದಲ್ಲಿ ದನಿ ಒಡೆಯಿತು, ನೀನು ಕೇಳಿದ್ದರೆ ನಾಚುತ್ತಿದ್ದೆ. ಬಟ್ಟೆ ಸುತ್ತುವಾಗ, ನಿನಗೆ ಬಾರದ ಆ ಕೊನೆಯ ಭಾಗಕ್ಕೆ ಬಂದಾಗ, ಕ್ಲಾರಿನೆಟ್ ಮೆಲ್ಲಗೆ ನನ್ನ ಜೊತೆ ಸೇರಿತು. ಅವನಿಗೆ ತಡೆಯಲಾಗಲಿಲ್ಲವೋ ಏನೋ. ಆದರೆ ಅಂದಿನಿಂದ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಸತ್ತ ಸ್ವಾಮಿಯ ಮುಂದೆ ನಾಟಕದ ಹಾಡು ಹಾಡಿದಳು ಅಂತ ಅಂಗಡಿ ಅಂಗಡಿಯಲ್ಲಿ ಹೇಳುತ್ತಾನಂತೆ. ಹೇಳಲಿ, ನುಡಿಸಿದವನೂ ಅವನೇ.

ನಿನ್ನೆ ಬೆಳಿಗ್ಗೆ ಪಾದ್ರಿಗಳು ಮನೆಗೇ ಬಂದರು. ಕಾಫಿ ಕೊಟ್ಟೆ, ಮುಟ್ಟಲಿಲ್ಲ. ನಿನ್ನ ಮೊಹರಿನ ಕಾಗದವನ್ನು ಮೇಜಿನ ಮೇಲಿಟ್ಟರು.

"ಇದು ಸುಳ್ಳಾ?"

"ಸುಳ್ಳು ಸ್ವಾಮಿ. ನಾನು ಬರೆಸಿದ್ದು. ಹುಡುಗಿಯದೇನೂ ತಪ್ಪಿಲ್ಲ."

"ಸಂತೆಯಲ್ಲಿ ಮಾರಿಹೋದವನ ತಾಯಿ ಹಾಡು ಅಂತ ಮೊದಲೇ ಹೇಳಿದ್ರೆ ನಾನು ಬೇಡ ಅಂತಿದ್ನಾ? ನಾನು ಬಂದಾಗಿನಿಂದ ಈ ಊರಲ್ಲಿ ಬೇರೆ ಏನು ಹೇಳ್ತಿದೀನಿ ಅಂದ್ಕೊಂಡಿದೀರಿ? ನಿಜ ತರೋದು ಬಿಟ್ಟು ಇದನ್ನ ಯಾಕಮ್ಮಾ ತಂದ್ರಿ?"

"ನಿಜ ನನ್ನ ಹತ್ರ ಇರ್ಲಿಲ್ಲ ಸ್ವಾಮಿ. ಬರೀ ಪ್ರಾರ್ಥನೆ ಇತ್ತು," ಅಂದೆ.

ಅವರು ಕಾಗದವನ್ನು ನನ್ನ ಕಡೆ ತಳ್ಳಿ, ತಣ್ಣಗಾದ ಕಾಫಿ ಕುಡಿದು ಎದ್ದರು. ಬಾಗಿಲಲ್ಲಿ ನಿಂತು, "ಮುಂದಿನ ವರ್ಷ ಯಾರು ಹಾಡೋದು?" ಅಂತ ಕೇಳಿದರು. ಅವರು ಹೋದ ಮೇಲೆ ಕಾಗದವನ್ನು ಒಲೆಗೆ ಹಾಕಿದೆ. ನಿನ್ನ ಕೆಲಸಕ್ಕೆ ಏನೂ ಆಗುವುದಿಲ್ಲ.

ಅವರಿಗೆ ನಾನು ಉತ್ತರ ಕೊಟ್ಟಿಲ್ಲ. ಗುರುವಾರ ನನ್ನ ಗಂಟಲು ಕೊಯ್ಯುತ್ತಾರೆ. ಅಷ್ಟರೊಳಗೆ ಬಾ. ನಾಳೆ ಪತ್ರದ ಜೊತೆ ತಂತಿಯನ್ನೂ ಹಾಕಿಸುತ್ತೇನೆ. ತಂತಿ ಮೊದಲು ಬಂದರೆ ಇದಕ್ಕೆ ಕಾಯಬೇಡ, ಹೊರಟುಬಿಡು. ಯಂತ್ರವನ್ನೂ ತಾ, ನಿನ್ನ ರಿಯೋದವರಿಗೆ ಅದು ಇರಲಿ. ನಿನಗೆ ಮಾತ್ರ ಬಾಯಿಂದಲೇ ಕೊಡುತ್ತೇನೆ. ಅರ್ಧ ನಿನಗೆ ಬರುತ್ತದೆ, ಇನ್ನರ್ಧ ದೊಡ್ಡದೇನಲ್ಲ, ಎರಡು ದಿನದಲ್ಲಿ ಬರುತ್ತದೆ.

ಸ್ಟೂಲನ್ನು ಅಡಿಗೆಮನೆಯಲ್ಲಿ ಇಟ್ಟಿದ್ದೇನೆ. ಒಂದು ಕಾಲು ಸ್ವಲ್ಪ ಅಲುಗುತ್ತದೆ, ನೋಡಿಕೊಂಡು ಹತ್ತು. ಬಡಗಿಯನ್ನು ಕರೆಸಬೇಕು, ಈ ಸಲ ನಿಜವಾದ ಬಡಗಿಯನ್ನು.

ಹತ್ತುವ ಮುಂಚೆ ಬೆಲ್ಮೀರೊ ಹೆಸರು ಹೇಳು. ಇನ್ನು ಮೇಲೆ ಗಟ್ಟಿಯಾಗಿ ಹೇಳುವುದು.

ನಿನ್ನ ದೊಡ್ಡಮ್ಮ
ಜೆನೊವೇವ